ಗಂಟು ಹಾಕುವುದು, ಗಂಟು ಬಿಡಿಸುವುದು

(ನಮ್ಮ ಸಂಘದ ರವಿವಾರದ ಸಭೆಯಲ್ಲಿ ಮಾಡಿದ ಭಾಷಣ)



ಇಂದಿನ ಭಾಷಣದ ವಿಷಯ ‘ದೋಣಿಯನ್ನು ದಡಕ್ಕೆ ಕಟ್ಟುವ ಗಂಟುಗಳು’ ಎಂದು ಕಾರ್ಯದರ್ಶಿಗಳು ಹಲಗೆಯ ಮೇಲೆ ಬರೆದಾಗ ಹಲವರು ನಕ್ಕರೆಂದು ಕೇಳಿದೆವು. ನಗುವುದು ಸಹಜವೇ. ಪುಣೆಗೆ ಕಡಲಿಲ್ಲ, ಬಂದರಿಲ್ಲ. ಲಕಡಿ ಪೂಲಿನ ಮೇಲೆ ನಿಂತು ನೋಡಿದರೆ ಬೇಸಗೆಯಲ್ಲಿ ಮುಠಾ ನದಿಯಲ್ಲಿ ಕಾಗದದ ದೋಣಿಗೂ ಸಾಕಾಗುವಷ್ಟು ನೀರಿರುವುದಿಲ್ಲ. ಸಂಗಮದ ಹತ್ತಿರ ಇಂಜಿನಿಯರಿಂಗ್ ಕಾಲೇಜಿನ ಹುಡುಗರು ಹುಟ್ಟು ಹಾಕುವುದನ್ನು ನಾವೆಲ್ಲ ನೋಡಿದ್ದೇವೆ. ಆ ಬೋಟ್ ಕ್ಲಬ್ಬು 1928ರಷ್ಟು ಹಳೆಯದು. ಆದರೆ ಅವರ ಸಪೂರ ದೋಣಿಗಳನ್ನು ಕೆಲಸ ಮುಗಿದ ಮೇಲೆ ಹೆಗಲ ಮೇಲೆ ಹೊತ್ತು ಮಾಡಿನ ಕೆಳಗೆ ಇಡುತ್ತಾರೆ. ಕಟ್ಟುವ ಪ್ರಮೇಯವೇ ಇಲ್ಲ. ಹಾಗಿರುವಾಗ ಇಡ್ಲಿ ಬೇಯಿಸುವವರಿಗೂ ನೂಲು ಸುತ್ತಿದವರಿಗೂ ದೋಣಿಯ ಗಂಟು ಏತಕ್ಕೆ?

ಏತಕ್ಕೆಂಬುದನ್ನು ನಮಗೆ ಒಂದು ಘಟನೆ ಕಲಿಸಿತು. ಅದನ್ನೇ ಮೊದಲು ಹೇಳಿಬಿಡುತ್ತೇವೆ. ನಿಮ್ಮಲ್ಲಿ ಕೆಲವರು ಅಂದು ಅಲ್ಲಿದ್ದಿರಿ.

ಕೆಲವು ವರ್ಷಗಳ ಹಿಂದೆ, ಚಳಿಗಾಲದಲ್ಲಿ, ನಾವು ಮೂವತ್ತು ನಲವತ್ತು ಜನ ಹೆಂಡಿರು ಮಕ್ಕಳೊಂದಿಗೆ ಪುಣೆಯ ಪಶ್ಚಿಮಕ್ಕಿರುವ ಒಂದು ಅಣೆಕಟ್ಟಿನ ಹಿನ್ನೀರಿಗೆ ವನಭೋಜನಕ್ಕೆ ಹೋಗಿದ್ದೆವು. ಹೊಟೇಲಿಗೆ ರಜೆ ಎಂಬುದು ಎಷ್ಟು ಅಪರೂಪವೆಂದು ನಿಮಗೆ ಹೇಳಬೇಕಾಗಿಲ್ಲ. ಟೆಂಪೋದಲ್ಲಿ ದೊಡ್ಡ ದೊಡ್ಡ ಪಾತ್ರೆ, ಒಲೆ, ಬಾಳೆಲೆ. ದಡದಲ್ಲಿ ಒಂದು ಬಾಡಿಗೆಯ ದೋಣಿ. ಗೂಟಕ್ಕೆ ಹೊಸ ನೈಲಾನ್ ಹಗ್ಗದಿಂದ ಕಟ್ಟಿತ್ತು. ದೋಣಿಯವನು ಚಹಾ ಕುಡಿಯಲು ಮೇಲೆ ಹೋಗಿದ್ದ. ಅಷ್ಟರಲ್ಲಿ ಎರಡು ಮಕ್ಕಳೂ ಅವರನ್ನು ಹಿಡಿಯಲು ಹೋದ ನಮ್ಮ ಹೊಟೇಲಿನ ಒಬ್ಬ ಮಾಣಿಯೂ ದೋಣಿಯೊಳಗೆ ಹತ್ತಿಬಿಟ್ಟರು. ದೋಣಿ ಅಲುಗಿತು, ಹಗ್ಗ ಎರಡು ಸಲ ಜಗ್ಗಿತು, ಗಂಟು ಸದ್ದಿಲ್ಲದೆ ಬಿಚ್ಚಿಕೊಂಡಿತು. ಗಾಳಿ ದಡದಿಂದ ನೀರಿನ ಕಡೆಗೆ ಬೀಸುತ್ತಿತ್ತು. ಹುಟ್ಟು ದಡದ ಮೇಲೆಯೇ ಇತ್ತು. ನಾವು ನೋಡುತ್ತಿದ್ದ ಹಾಗೆ ದೋಣಿ ಹತ್ತು ಮಾರು ಹೋಯಿತು, ಹದಿನೈದು ಮಾರು ಹೋಯಿತು. ಮಾಣಿಗೆ ಈಜು ಬರುತ್ತಿರಲಿಲ್ಲ.

ನಾವು ಗಂಗೊಳ್ಳಿಯ ಕಡೆಯವರು. ಹೊಳೆಯ ಬದಿಯಲ್ಲೇ ಹುಟ್ಟಿದವರು. ಕುಂದಾಪುರಕ್ಕೂ ಗಂಗೊಳ್ಳಿಗೂ ರಸ್ತೆಯಲ್ಲಿ ಹೋದರೆ ಬಲು ಸುತ್ತು, ಹೊಳೆ ದಾಟಿದರೆ ಎದುರುಬದುರು. ಪಂಚಗಂಗಾವಳಿಯ ಅಳಿವೆಯಲ್ಲಿ ದೋಣಿ ಕಟ್ಟುವುದನ್ನು ನೋಡುತ್ತಲೇ ಬೆಳೆದವರು. ಆದರೂ ಅಂದು ನಮ್ಮ ಕೈ ಓಡಲಿಲ್ಲ. ಟೆಂಪೋದಲ್ಲಿ ಪಾತ್ರೆ ಬಿಗಿದಿದ್ದ ಒಂದು ದಪ್ಪ ಕತ್ತದ ಹಗ್ಗವಿತ್ತು. ಬಟ್ಟೆ ಒಣಹಾಕುವ ಒಂದು ಸಪೂರ ನೈಲಾನ್ ಹಗ್ಗವೂ ಇತ್ತು. ಎರಡರಲ್ಲಿ ಯಾವುದೊಂದೂ ದೋಣಿಯವರೆಗೆ ಸಾಲದು. ಎರಡನ್ನೂ ಕೂಡಿಸಬೇಕು. ನಾವು ಆತುರದಲ್ಲಿ ಹಾಕಿದ ಗಂಟು ಎಳೆದು ನೋಡಿದ ಕೂಡಲೇ ಜಾರಿತು. ಇನ್ನೊಮ್ಮೆ ಹಾಕಿದೆವು, ಇನ್ನೊಮ್ಮೆ ಜಾರಿತು.

ಆಗ ಗುಳೇದಗುಡ್ಡದ ಕಡೆಯ ಹಿರಿಯರೊಬ್ಬರು, ಜೀವಮಾನವೆಲ್ಲ ಗಿರಣಿಯಲ್ಲಿ ಕಳೆದು ನಿವೃತ್ತರಾದವರು, “ತಡೀರಿ, ಇಲ್ಲೆ ಕೊಡ್ರಿ” ಎಂದು ಎರಡೂ ತುದಿಗಳನ್ನು ತೆಗೆದುಕೊಂಡರು. ಅವರು ಆ ಮೊದಲು ದೋಣಿಯನ್ನೇ ಹತ್ತಿದವರಲ್ಲ. ಕಣ್ಣು ಕೂಡ ಮಂಜಾಗಿತ್ತು. ಕೈ ನೋಡದೆಯೇ ಒಂದು ಗಂಟು ಹಾಕಿದರು. ಎಳೆದರು, ನಿಂತಿತು. ಸಪೂರ ಹಗ್ಗದ ತುದಿಗೆ ಬಾಯಿ ಮುಚ್ಚಿದ ಖಾಲಿ ಎಣ್ಣೆಯ ಡಬ್ಬಿ ಕಟ್ಟಿ ಎಸೆದೆವು. ಮೂರನೆಯ ಎಸೆತಕ್ಕೆ ಮಾಣಿಯ ಕೈಗೆ ಸಿಕ್ಕಿತು. ಮುಂದಿನದು ಎಳೆಯುವ ಕೆಲಸ ಮಾತ್ರ.

ಮಕ್ಕಳು ದಡಕ್ಕೆ ಬಂದ ಮೇಲೆ ನಾವು, “ಕಾಕಾ, ಈ ಗಂಟು ಎಲ್ಲಿ ಕಲಿತಿರಿ?” ಎಂದು ಕೇಳಿದೆವು. “ಎಲ್ಲಿ ಕಲಿಯೋದ್ರಿ? ನೂಲು ಹರಿದ್ರ ಹಾಕೋ ಗಂಟು. ದಿನಾ ಸಾವಿರ ಹಾಕೀನಿ” ಎಂದರು.

ಬಂಧುಗಳೇ, ಅಂದಿನಿಂದ ನಾವು ಗಂಟುಗಳ ಬೆನ್ನು ಹತ್ತಿದೆವು. ಓದಿ, ಕೇಳಿ, ಹಗ್ಗ ಹಿಡಿದು ಕಲಿತದ್ದನ್ನು ಈ ಹೊತ್ತು ನಿಮ್ಮ ಮುಂದೆ ಇಡುತ್ತೇವೆ. ಪ್ರತಿಯೊಬ್ಬರ ಕೈಗೂ ಎರಡು ಮೊಳದ ಒಂದು ಹಗ್ಗ ಕೊಟ್ಟಿದೆ. ಎದುರಿನವರ ಕುರ್ಚಿಯ ಕಾಲೇ ಧಕ್ಕೆಯ ಕಂಬ ಎಂದು ತಿಳಿಯಿರಿ. ಪತ್ರಿಕೆಯಲ್ಲಿ ಇದನ್ನು ಓದುವವರೂ ಒಂದು ಹಗ್ಗ ಹಿಡಿದೇ ಓದಬೇಕು. ಗಂಟು ಕಣ್ಣಿಗೆ ಬರುವ ವಿದ್ಯೆಯಲ್ಲ, ಕೈಗೆ ಬರುವ ವಿದ್ಯೆ.

ಮೊದಲಿಗೆ ಅಂದು ಬಿಚ್ಚಿದ್ದು ಯಾವ ಗಂಟು ಎಂಬುದನ್ನು ನೋಡೋಣ. ನಾವು ಬೂಟಿನ ಲಾಡಿಗೆ, ಮೂಟೆಯ ಬಾಯಿಗೆ ಹಾಕುವಂಥ ಜೋಡಿಗಂಟು ಅದು. ಬಲದ ತುದಿಯನ್ನು ಎಡದ ಮೇಲೆ ಹಾಕಿ ಒಂದು ಸುತ್ತು, ಮತ್ತೆ ಬಲದ್ದನ್ನೇ ಎಡದ ಮೇಲೆ ಹಾಕಿ ಇನ್ನೊಂದು ಸುತ್ತು. ಹೀಗೆ ಎರಡು ಸಲವೂ ಒಂದೇ ಕಡೆಗೆ ತಿರುಗಿಸಿದರೆ ಗಂಟು ಸೊಟ್ಟಗೆ ಕೂರುತ್ತದೆ, ಜಗ್ಗಿದರೆ ಜಾರುತ್ತದೆ. ಎರಡನೆಯ ಸಲ ತಿರುವು ಬದಲಿಸಿದರೆ ಗಂಟು ಚೊಕ್ಕವಾಗಿ ಕೂರುವುದು ನಿಜ. ಆದರೆ ಮೂಟೆ ಕಟ್ಟಲು, ಗಾಯಕ್ಕೆ ಪಟ್ಟಿ ಕಟ್ಟಲು ಮಾತ್ರ ಅದು ಸರಿ. ಎರಡು ಹಗ್ಗಗಳನ್ನು ಕೂಡಿಸಿ ಅದರ ಮೇಲೆ ಜೀವದ ಭಾರ ಹಾಕಲು ಅದೂ ಸಲ್ಲದು. ಒಂದು ತುದಿಯನ್ನು ಓರೆಯಾಗಿ ಜಗ್ಗಿದರೆ ಸಾಕು, ಅದು ಮಗುಚಿ ಬಿಟ್ಟುಕೊಡುತ್ತದೆ. ಅದರಲ್ಲೂ ನೈಲಾನ್ ನುಣುಪಾದದ್ದು. ನಮ್ಮ ಊರಿನ ಕತ್ತದ ಹಗ್ಗಕ್ಕೆ ಮೈತುಂಬ ಜುಂಗು. ಅದು ಕೆಟ್ಟ ಗಂಟನ್ನೂ ಸ್ವಲ್ಪ ಹೊತ್ತು ಹಿಡಿದುಕೊಂಡೀತು. ನೈಲಾನು ಕೆಟ್ಟ ಗಂಟನ್ನು ಕ್ಷಮಿಸುವುದಿಲ್ಲ.

ಒಳ್ಳೆಯ ಗಂಟಿಗೆ ಮೂರು ಲಕ್ಷಣಗಳು. ಭಾರ ಬಿದ್ದಾಗ ಜಾರಬಾರದು. ಭಾರ ತೆಗೆದ ಮೇಲೆ ಕಗ್ಗಂಟಾಗಬಾರದು. ಬೇಕೆಂದಾಗ ಕತ್ತಿಯಿಲ್ಲದೆ ಬಿಡಿಸಲು ಬರಬೇಕು. ಮೊದಲನೆಯದನ್ನು ಎಲ್ಲರೂ ನೆನಪಿಡುತ್ತಾರೆ, ಮೂರನೆಯದನ್ನು ಮರೆಯುತ್ತಾರೆ. ಬಿಡಿಸಲು ಬಾರದ ಗಂಟಿನಿಂದಲೂ ದೋಣಿ ಮುಳುಗಿದ್ದುಂಟು. ಅದನ್ನು ಮುಂದೆ ಹೇಳುತ್ತೇವೆ.

ಈಗ ಹಗ್ಗ ಹಿಡಿಯಿರಿ. ಹಗ್ಗದಲ್ಲಿ ದೋಣಿಯ ಕಡೆಯ, ಭಾರ ಹೊರುವ ಭಾಗವನ್ನು ತಾಯಿಹಗ್ಗ ಎನ್ನೋಣ. ಕೈಯಲ್ಲಿ ಆಡುವುದು ತುದಿ.

ಮೊದಲನೆಯದು, ಸುತ್ತು ಮತ್ತು ಎರಡು ಅರೆಗಂಟು. ತುದಿಯನ್ನು ಕಂಬಕ್ಕೆ ಎರಡು ಸಲ ಸುತ್ತಿ ತನ್ನಿರಿ. ಕಂಬದ ಮೈಮೇಲೆ ಹಗ್ಗ ಅಕ್ಕಪಕ್ಕ ಎರಡು ಸಾಲಾಗಿ ಕಾಣಬೇಕು. ಒಂದರ ಮೇಲೊಂದು ಏರಬಾರದು. ಆಮೇಲೆ ತುದಿಯನ್ನು ತಾಯಿಹಗ್ಗದ ಮೇಲಿನಿಂದ ಹಾಯಿಸಿ, ಸುತ್ತಿ, ನಡುವೆ ಉಂಟಾದ ಸಂದಿಯಿಂದ ಹೊರಗೆ ಎಳೆಯಿರಿ. ಇದು ಒಂದು ಅರೆಗಂಟು. ಅದೇ ಕಡೆಗೆ ತಿರುಗಿಸಿ ಇನ್ನೊಂದು ಹಾಕಿರಿ. ಎರಡನ್ನೂ ಕಂಬದ ಕಡೆಗೆ ತಳ್ಳಿ ಬಿಗಿಯಿರಿ. ಅಷ್ಟೆ.

ಈ ಗಂಟಿನ ಬಲವೆಲ್ಲ ಇರುವುದು ಸುತ್ತಿನಲ್ಲಿ, ಗಂಟಿನಲ್ಲಲ್ಲ. ಹಗ್ಗ ಕಂಬವನ್ನು ಉಜ್ಜಿ ಹಿಡಿಯುತ್ತದೆ. ಒಂದು ಸುತ್ತು ಹಾಕಿದಾಗ ಕೈಗೆ ಬರುವ ಎಳೆತ ಐದರಲ್ಲಿ ಒಂದು ಪಾಲಿಗೆ ಇಳಿಯಿತೆನ್ನಿ. ಎರಡನೆಯ ಸುತ್ತು ಹಾಕಿದರೆ ಅದು ಹತ್ತರಲ್ಲಿ ಒಂದಕ್ಕಲ್ಲ, ಇಪ್ಪತ್ತೈದರಲ್ಲಿ ಒಂದಕ್ಕೆ ಇಳಿಯುತ್ತದೆ. ಸುತ್ತು ಹೆಚ್ಚಿದಂತೆ ಲಾಭ ಕೂಡುವುದಿಲ್ಲ, ಗುಣಿಸುತ್ತದೆ. ಆದುದರಿಂದಲೇ ಧಕ್ಕೆಯಲ್ಲಿ ಒಬ್ಬ ಬಡಕಲು ಹುಡುಗ ಕಂಬಕ್ಕೆ ಹಗ್ಗ ಸುತ್ತಿ ದೊಡ್ಡ ಲಾಂಚನ್ನು ತಡೆದು ನಿಲ್ಲಿಸುವುದು. ಅವನು ಬಲಶಾಲಿಯೆಂದಲ್ಲ, ಕಂಬ ಅವನ ಪಾಲಿಗೆ ದುಡಿಯುತ್ತಿದೆ. ಇನ್ನೊಂದು ಲಾಭವೆಂದರೆ ಹಗ್ಗದ ಮೇಲೆ ಭಾರವಿರುವಾಗಲೂ ಇದನ್ನು ಬಿಡಿಸಬಹುದು. ಅರೆಗಂಟು ಬಿಚ್ಚಿ, ಸುತ್ತಿನ ಮೇಲೆ ಹಿಡಿತವಿಟ್ಟು, ಮೆಲ್ಲಗೆ ಬಿಡುತ್ತ ಹೋಗಬಹುದು. ಒಂದೇ ಗಂಟು ಕಲಿಯಲು ಪುರುಸೊತ್ತಿದ್ದವರು ಇದನ್ನೇ ಕಲಿಯಿರಿ.

ಎರಡನೆಯದನ್ನು ಹಡಗಿನವರು ಕ್ಲೋವ್ ಹಿಚ್ ಎನ್ನುತ್ತಾರೆ. ಕಂಬಕ್ಕೆ ಒಂದು ಸುತ್ತು ತನ್ನಿ. ತುದಿಯನ್ನು ಮೊದಲ ಸುತ್ತಿನ ಮೇಲೆ ಓರೆಯಾಗಿ ದಾಟಿಸಿ, ಅದೇ ದಿಕ್ಕಿನಲ್ಲಿ ಇನ್ನೊಂದು ಸುತ್ತು ತನ್ನಿ. ಕೊನೆಗೆ ಆ ಓರೆಯ ಅಡಿಗೆ ತುದಿಯನ್ನು ತೂರಿಸಿ ಎಳೆಯಿರಿ. ಕ್ಷಣದಲ್ಲಿ ಆಗುವ ಕೆಲಸ. ಆದರೆ ದೋಣಿ ಆ ಕಡೆ ಈ ಕಡೆ ತೂಗಿದಂತೆಲ್ಲ ಇದು ಸ್ವಲ್ಪ ಸ್ವಲ್ಪವೇ ಜಾರುವುದುಂಟು. ನುಣುಪಾದ ಕಂಬದಲ್ಲಿ, ಚೌಕ ಕಂಬದಲ್ಲಿ ಹೆಚ್ಚು. ಜನ ಇಳಿದು ಹತ್ತುವಷ್ಟು ಹೊತ್ತಿಗೆ ಸಾಕು. ರಾತ್ರಿಯಿಡೀ ಬಿಡುವುದಾದರೆ ಮೇಲೆ ಎರಡು ಅರೆಗಂಟು ಹಾಕದೆ ಮನೆಗೆ ಹೋಗಬೇಡಿ.

ಮೂರನೆಯದು ಕುಣಿಕೆ. ಕುಣಿಕೆಯಲ್ಲಿ ಎರಡು ಜಾತಿ. ಬಾವಿಯ ಹಗ್ಗವನ್ನು ಕೊಡಪಾನದ ಕುತ್ತಿಗೆಗೆ ಹಾಕುವುದು ಜೀರುಗುಣಿಕೆ. ಎಳೆದಷ್ಟೂ ಬಿಗಿಯುತ್ತದೆ. ಕೊಡಪಾನಕ್ಕೆ ಅದೇ ಒಳ್ಳೆಯದು. ಆದರೆ ನೀರಿಗೆ ಬಿದ್ದವನ ಸೊಂಟಕ್ಕೆ ಅದನ್ನು ಹಾಕಿ ಎಳೆದರೆ ಉಸಿರು ಕಟ್ಟೀತು. ದೋಣಿಗೂ ಜೀವಕ್ಕೂ ಬೇಕಾದದ್ದು ಜೀರದ ಕುಣಿಕೆ. ನಾವಿಕರು ಅದನ್ನು ಬೋಲೈನ್ ಎನ್ನುತ್ತಾರೆ.

ಕಟ್ಟುವ ಬಗೆ ಹೀಗೆ. ತಾಯಿಹಗ್ಗವನ್ನು ಎಡಗೈಯಲ್ಲಿ ಹಿಡಿದು, ತುದಿಯಿಂದ ಎರಡು ಗೇಣು ಬಿಟ್ಟು, ಅಲ್ಲೊಂದು ಸಣ್ಣ ಉಂಗುರ ಮಾಡಿ. ತುದಿಯ ಕಡೆಯ ಹಗ್ಗ ತಾಯಿಹಗ್ಗದ ಮೇಲೆ ಬಂದಿರಬೇಕು. ಕೆಳಗೆ ಹೋದರೆ ಗಂಟು ಕೂಡುವುದಿಲ್ಲ. ಈಗ ಆ ಉಂಗುರವೇ ಬಾವಿ, ತಾಯಿಹಗ್ಗವೇ ಬಾವಿಯ ಬದಿಯ ತೆಂಗಿನ ಮರ, ತುದಿಯೇ ಕಪ್ಪೆ. ಕಪ್ಪೆ ಬಾವಿಯೊಳಗಿನಿಂದ ಮೇಲೆ ಬಂತು; ತೆಂಗಿನ ಮರದ ಹಿಂದಿನಿಂದ ಸುತ್ತಿ ಬಂತು; ಬಂದ ಬಾವಿಗೇ ಮತ್ತೆ ಇಳಿಯಿತು. ತುದಿಯನ್ನೂ ತಾಯಿಹಗ್ಗವನ್ನೂ ಎಳೆದು ಬಿಗಿಯಿರಿ. ಮುಂದೆ ಬಸಿಲೆಯ ಚಪ್ಪರಕ್ಕೆ ಕಟ್ಟಿದರೂ ಹೀಗೆಯೇ ಕಟ್ಟಿ, ಕೈಗೆ ರೂಢಿಯಾಗಲಿ. ತುದಿ ಒಂದು ಗೇಣಾದರೂ ಹೊರಗೆ ಉಳಿದಿರಬೇಕು. ಭಾರವಿಲ್ಲದೆ ಅಲುಗಾಡುತ್ತಿದ್ದರೆ ಈ ಗಂಟು ಸಡಿಲವಾಗಬಹುದು, ನೈಲಾನಿನಲ್ಲಿ ವಿಶೇಷವಾಗಿ. ಆದುದರಿಂದ ಉಳಿದ ತುದಿಯನ್ನು ಕುಣಿಕೆಗೆ ಒಂದು ಅರೆಗಂಟಿನಿಂದ ಸೇರಿಸಿಬಿಡುವುದು ಮೇಲು.

ಕುಣಿಕೆಯನ್ನು ಧಕ್ಕೆಯ ಗುಂಡುಕಂಬಕ್ಕೆ ತೊಡಿಸಿದರೆ ಮುಗಿಯಿತು. ಆದರೆ ನೆನಪಿಡಿ: ಎಳೆತ ಬಿದ್ದಿರುವಾಗ ಇದನ್ನು ಬಿಡಿಸಲು ಬಾರದು. ಆದುದರಿಂದ ಹಗ್ಗದ ಒಂದು ಕೊನೆಗೆ ಮಾತ್ರ ಕುಣಿಕೆ. ಇನ್ನೊಂದು ಕೊನೆಯನ್ನು ದೋಣಿಯಲ್ಲಿ ಸುತ್ತು ಹಾಕಿಯೋ, ಲಾಂಚಿನಲ್ಲಾದರೆ ಎರಡು ಕೊಂಬಿನ ಕಬ್ಬಿಣಕ್ಕೆ ಹಾಕಿಯೋ ಕಟ್ಟಬೇಕು. ಕೊಂಬಿನ ಕಬ್ಬಿಣಕ್ಕೆ ಮೊದಲು ಬುಡದ ಸುತ್ತ ಒಂದು ಪೂರ್ತಿ ಸುತ್ತು. ಆಮೇಲೆ ಇಂಗ್ಲಿಷಿನ ಎಂಟರ ಆಕಾರದಲ್ಲಿ ಕೊಂಬಿನಿಂದ ಕೊಂಬಿಗೆ ಒಂದೆರಡು ಸಲ. ಕೊನೆಗೆ ಹಗ್ಗವನ್ನು ತಿರುಚಿ ಕೊಂಬಿಗೆ ತೊಡಿಸಿ ಬಿಗಿಯುವುದು. ಹತ್ತು ಸುತ್ತು ಹೇರಿದರೆ ಭದ್ರವೆಂಬುದು ತಪ್ಪು. ಅವಸರದಲ್ಲಿ ಬಿಡಿಸುವವನ ಗತಿಯೇನು?

ನಾಲ್ಕನೆಯದು ನಮ್ಮ ಗುಳೇದಗುಡ್ಡದ ಕಾಕಾ ಅವರ ಗಂಟು. ದಪ್ಪ ಹಗ್ಗದ ತುದಿಯನ್ನು ಮಡಿಸಿ ಕೊಕ್ಕೆಯ ಹಾಗೆ ಮಾಡಿ. ಸಪೂರ ಹಗ್ಗದ ತುದಿಯನ್ನು ಆ ಮಡಿಕೆಯ ಕೆಳಗಿನಿಂದ ಮೇಲಕ್ಕೆ ತನ್ನಿ. ಮಡಿಕೆಯ ಎರಡೂ ಕಾಲುಗಳ ಹಿಂದಿನಿಂದ ಸುತ್ತಿ ಮುಂದಕ್ಕೆ ತನ್ನಿ. ಈಗ ಅದನ್ನು ಮಡಿಕೆಯೊಳಗೆ ಹಾಕಬೇಡಿ. ಸಪೂರ ಹಗ್ಗದ್ದೇ ಆದ ತಾಯಿಹಗ್ಗದ ಅಡಿಗೆ ತೂರಿಸಿ ಎಳೆಯಿರಿ. ಉಳಿದ ಎರಡು ಮೊಂಡು ತುದಿಗಳೂ ಒಂದೇ ಬದಿಯಲ್ಲಿದ್ದರೆ ಗಂಟು ಹೆಚ್ಚು ಭದ್ರ. ಹಗ್ಗಗಳ ದಪ್ಪದಲ್ಲಿ ಬಹಳ ವ್ಯತ್ಯಾಸವಿದ್ದರೆ ಹಿಂದಿನಿಂದ ಸುತ್ತುವುದನ್ನು ಎರಡು ಸಲ ಮಾಡಿ. ಅಂದು ಕಾಕಾ ಎರಡು ಸುತ್ತನ್ನೇ ಹಾಕಿದ್ದರು.

ಗಿರಣಿಯಲ್ಲಿ ದುಡಿದವರಿಗೆ ಇದನ್ನು ಹೇಳಿಕೊಡುವುದೆಂದರೆ ಮೀನಿಗೆ ಈಜು ಕಲಿಸಿದ ಹಾಗೆ. ಎಳೆ ಹರಿಯಿತೆಂದರೆ ಎರಡು ಬೆರಳುಗಳ ನಡುವೆ ಒಂದು ಸುಳಿ, ಒಂದು ತಿರುವು, ಒಂದು ಜಗ್ಗು. ಜಾಬರನ ಕಣ್ಣು ಈ ಕಡೆ ಹೊರಳುವಷ್ಟರಲ್ಲಿ ಬಾಬಿನ್ನು ಮತ್ತೆ ತಿರುಗಬೇಕು. ಬೆರಳಿನಲ್ಲಿ ಹಾಕುವ ಕ್ರಮ ಬೇರೆಯಾದರೂ ಗಂಟಿನ ಹೊಟ್ಟೆ ಒಂದೇ. ನೇಕಾರ ಇದನ್ನು ಏಕೆ ಆರಿಸಿಕೊಂಡ? ಗಂಟು ಸಣ್ಣದಾಗಿ, ಚಪ್ಪಟೆಯಾಗಿ ಕೂರುತ್ತದೆ; ಹಣಿಗೆಯ ಹಲ್ಲಿನ ನಡುವೆ ಸಿಕ್ಕದೆ ಹಾಯುತ್ತದೆ; ಮಗ್ಗ ಜಗ್ಗಿದರೂ ಬಿಡುವುದಿಲ್ಲ. ನಾವಿಕ ಏಕೆ ಆರಿಸಿಕೊಂಡ? ಹಾಯಿಯ ಮೂಲೆಗೆ ಹಗ್ಗ ಸೇರಿಸಲು, ದಪ್ಪಕ್ಕೂ ಸಪೂರಕ್ಕೂ ನಂಟು ಬೆಳೆಸಲು ಇದಕ್ಕಿಂತ ಸುಲಭವಾದದ್ದು ಇಲ್ಲ. ನಾವಿಕನೂ ನೇಕಾರನೂ ಬೇರೆ ಬೇರೆ ದಾರಿಯಿಂದ ಒಂದೇ ಗಂಟಿಗೆ ಬಂದಿದ್ದಾರೆ.

ಇನ್ನೂ ಒಂದು ಬೆರಗಿದೆ. ಬೋಲೈನ್ ಕುಣಿಕೆಯನ್ನೂ ನೇಕಾರರ ಗಂಟನ್ನೂ ಪಕ್ಕ ಪಕ್ಕದಲ್ಲಿಟ್ಟು ಸಡಿಲಿಸಿ ನೋಡಿ. ಎರಡರ ಒಳಸುತ್ತು ಒಂದೇ! ಎರಡು ಹಗ್ಗಗಳನ್ನು ಕೂಡಿಸಿದರೆ ಅದು ನೇಕಾರರ ಗಂಟು. ಅದೇ ಹಗ್ಗ ತನಗೆ ತಾನೇ ಕೂಡಿಕೊಂಡರೆ ಅದು ನಾವಿಕರ ಕುಣಿಕೆ. ಅಮೆರಿಕದ ಕ್ಲಿಫರ್ಡ್ ಆಶ್ಲಿ ಎಂಬವರು 1944ರಲ್ಲಿ ಪ್ರಕಟಿಸಿದ ಗಂಟುಗಳ ಮಹಾಗ್ರಂಥದಲ್ಲಿ ಸಂಖ್ಯೆ ಕೊಟ್ಟು ವಿವರಿಸಿದ ನಮೂದುಗಳು 3800ಕ್ಕೂ ಹೆಚ್ಚು. ಅಷ್ಟೊಂದು ಗಂಟುಗಳ ನಡುವೆ ಕಡಲಿನವನು ಹೆಚ್ಚು ನಂಬಿದ ಕುಣಿಕೆಯೂ ಮಗ್ಗದವನು ಹೆಚ್ಚು ನಂಬಿದ ಗಂಟೂ ಒಡಹುಟ್ಟಿದವು ಎಂಬುದು ನಮಗೆ ಬಹಳ ಸಂತೋಷ ಕೊಟ್ಟಿತು. ನಮ್ಮ ಸಂಘದಲ್ಲಿ ಕರಾವಳಿಯ ಹೊಟೇಲಿನವರು ಒಂದು ಪಂಕ್ತಿ, ಬಯಲುಸೀಮೆಯ ಗಿರಣಿಯವರು ಒಂದು ಪಂಕ್ತಿ ಎಂದು ಆಗಾಗ ಮಾತು ಬರುವುದುಂಟಲ್ಲ, ಅಂಥವರು ಈ ಎರಡು ಗಂಟುಗಳನ್ನು ಒಮ್ಮೆ ಬಿಚ್ಚಿ ನೋಡಲಿ.

ಆ ವಿದ್ಯೆಯೂ ಗಿರಣಿಗಳಿಂದ ಹೊರಟುಹೋಗುತ್ತಿದೆ. ಮೊದಲು ಕೈಗೆ ಕಟ್ಟಿಕೊಳ್ಳುವ ಗಂಟು ಹಾಕುವ ಸಾಧನ ಬಂತು. ಆಮೇಲೆ ಗಾಳಿಯ ರಭಸದಿಂದ ಎರಡು ಎಳೆಗಳನ್ನು ಗಂಟಿಲ್ಲದೆಯೇ ಹೊಸೆದು ಕೂಡಿಸುವ ಯಂತ್ರ ಬಂತು. ಪುಣೆ ಸ್ಟೇಷನ್ನಿನ ಬಳಿ 1893ರಲ್ಲಿ ಹುಟ್ಟಿದ ರಾಜಾಬಹಾದ್ದೂರ್ ಗಿರಣಿಯ ಮಗ್ಗಗಳೇ ನಿಂತು ಎಷ್ಟೋ ಕಾಲವಾಯಿತು. ಆ ಅಂಗಳದಲ್ಲಿ ಈಗ ಜನ ಊಟಕ್ಕೂ ಪಾನಕ್ಕೂ ಸೇರುತ್ತಾರೆ. ಹೊಟೇಲಿನಲ್ಲಿಯೂ ಹಾಗೆಯೇ. ಬಾಳೆಲೆಯ ಪಾರ್ಸೆಲ್ಲಿಗೆ ದಾರ ಸುತ್ತಿ, ಗಿರಾಕಿ ಒಂದೇ ಎಳೆತಕ್ಕೆ ಬಿಚ್ಚುವಂಥ ಸರಗಂಟು ಹಾಕುವ ಕೈಗಳು ನಮ್ಮಲ್ಲಿ ಎಷ್ಟಿದ್ದವು! ಇಂದು ಪ್ಲಾಸ್ಟಿಕ್ ಡಬ್ಬಿ, ರಬ್ಬರ್ ಬಳೆ. ಯಂತ್ರ ಬರಬಾರದೆಂದು ನಾವು ಹೇಳುತ್ತಿಲ್ಲ. ಕೈಯ ವಿದ್ಯೆ ಹೋಗುವಾಗ ಯಾರೂ ಗಮನಿಸುವುದಿಲ್ಲ. ಅದು ಬೇಕಾಗುವ ದಿನ ಮಾತ್ರ ಗೊತ್ತಾಗುತ್ತದೆ ಎಂದಷ್ಟೇ ಹೇಳುತ್ತೇವೆ.

ಇನ್ನು ಹಗ್ಗದ ಉದ್ದದ ಮಾತು. ಗಂಟು ಸರಿಯಿದ್ದು ಉದ್ದ ತಪ್ಪಿದರೂ ದೋಣಿ ಉಳಿಯುವುದಿಲ್ಲ. ಕಡಲ ಬದಿಯವರಿಗೆ ಇದು ಗೊತ್ತು. ಭರತಕ್ಕೆ ನೀರು ಏರುತ್ತದೆ, ಇಳಿತಕ್ಕೆ ಇಳಿಯುತ್ತದೆ. ನಮ್ಮ ಮಲ್ಪೆ, ಗಂಗೊಳ್ಳಿಯ ಕಡೆ ದೊಡ್ಡ ಭರತದಲ್ಲಿ ಒಂದೂವರೆ ಮೀಟರಿನ ಆಸುಪಾಸು. ಮುಂಬಯಿಯಲ್ಲಿ 4 ಮೀಟರಿಗೂ ಮೇಲೆ. ಭರತದ ಹೊತ್ತಿನಲ್ಲಿ ದೋಣಿಯನ್ನು ಗಿಡ್ಡ ಹಗ್ಗದಿಂದ ಬಿಗಿದು ಕಟ್ಟಿದವನು ಇಳಿತದ ಹೊತ್ತಿಗೆ ಬಂದು ನೋಡಿದರೆ ದೋಣಿ ಧಕ್ಕೆಗೆ ನೇತಾಡುತ್ತಿರುತ್ತದೆ. ಇಳಿತದಲ್ಲಿ ಗಿಡ್ಡವಾಗಿ ಕಟ್ಟಿದ್ದರೆ ಭರತ ಬಂದಾಗ ಹಗ್ಗ ದೋಣಿಯ ಮೂತಿಯನ್ನು ಕೆಳಗೆ ಹಿಡಿಯುತ್ತದೆ, ನೀರು ಒಳಗೆ ನುಗ್ಗುತ್ತದೆ. ಬಿಡಿಸಲು ಬಾರದ ಗಂಟಿನಿಂದ ದೋಣಿ ಮುಳುಗುವುದು ಹೀಗೆ. ಆದುದರಿಂದ ಮುಂದಕ್ಕೊಂದು, ಹಿಂದಕ್ಕೊಂದು, ಎರಡು ಹಗ್ಗ; ನೇರ ಗಿಡ್ಡವಾಗಿ ಅಲ್ಲ, ಓರೆಯಾಗಿ ಉದ್ದವಾಗಿ. ಓರೆಯ ಉದ್ದ ಹಗ್ಗ ನೀರಿನ ಏರಿಳಿತವನ್ನು ನುಂಗಿಕೊಳ್ಳುತ್ತದೆ. ಹರಿಯುವ ಹೊಳೆಯಲ್ಲಿ ದೋಣಿಯ ಮೂತಿ ನೀರು ಬರುವ ಕಡೆಗೆ ಇರಲಿ. ಹಗ್ಗ ಕಲ್ಲಿನ ಅಂಚಿಗೆ ಉಜ್ಜುವ ಕಡೆ ಒಂದು ಹಳೆಯ ಗೋಣಿಚೀಲ ಸುತ್ತಿ. ನೀಲಿ ಪ್ಲಾಸ್ಟಿಕ್ ಹಗ್ಗ ಬಿಸಿಲಿಗೆ ಪುಡಿಯಾಗುತ್ತ ಬರುತ್ತದೆ.  ನೈಲಾನ್ ಬಹಳ ಹಿಗ್ಗುತ್ತದೆ. ಹಿಗ್ಗಿ ಹರಿದರೆ ಚಾಟಿಯಂತೆ ಹಿಂದಕ್ಕೆ ಬಡಿಯುತ್ತದೆ. ಬಿಗಿದ ಹಗ್ಗದ ನೇರದಲ್ಲಿ ಯಾರೂ ನಿಲ್ಲಬಾರದು. ಯಾವ ಗಂಟು ಹಾಕಿದರೂ ಹಗ್ಗದ ಬಲ ಗಂಟಿನ ಕಡೆ ಗಣನೀಯವಾಗಿ ಕುಂದುತ್ತದೆ. ಆದುದರಿಂದ ಬೇಕಾದದ್ದಕ್ಕಿಂತ ದಪ್ಪದ ಹಗ್ಗವನ್ನೇ ಹಿಡಿಯಿರಿ.

ಪುಣೆಯಲ್ಲಿ ಭರತ ಎಲ್ಲಿದೆ ಎಂದು ಕೇಳುವಿರಾ? ಇದೆ. ಪುಣೆಯ ಭರತಕ್ಕೆ ಚಂದ್ರನಲ್ಲ, ಅಣೆಕಟ್ಟಿನ ಬಾಗಿಲು ಕಾರಣ. ಮಳೆಗಾಲದಲ್ಲಿ ಖಡಕವಾಸಲಾದಿಂದ ನೀರು ಬಿಟ್ಟರೆ, ಬೆಳಿಗ್ಗೆ ಮೊಣಕಾಲುದ್ದ ಇದ್ದ ಮುಠಾ ಸಂಜೆಗೆ ಆಳೆತ್ತರವಾಗುತ್ತದೆ. ಆಕಾಶದಲ್ಲಿ ಮೋಡವಿಲ್ಲದಿದ್ದರೂ ಆಗುತ್ತದೆ, ಏಕೆಂದರೆ ಮಳೆ ಬಿದ್ದದ್ದು ಘಟ್ಟದಲ್ಲಿ.

1961ರ ಜುಲೈ 12ನ್ನು ಈ ಊರು ಮರೆತಿಲ್ಲ. ಆಂಬಿ ನದಿಗೆ ಕಟ್ಟುತ್ತಿದ್ದ ಪಾನಶೇತದ ಮಣ್ಣಿನ ಅಣೆಕಟ್ಟು ಮೊದಲ ಮಳೆಗಾಲದ ನೀರು ತುಂಬಿದಾಗಲೇ ಕುಸಿಯತೊಡಗಿತು. ಸೈನಿಕರು ಮರಳಿನ ಚೀಲಗಳನ್ನು ಒಟ್ಟಿ ಹೋರಾಡಿದರು. ಆದರೂ ಅಂದು ಬೆಳಿಗ್ಗೆ ಅದು ಒಡೆಯಿತು. ಆ ನೀರು ಕೆಳಗಿನ ಖಡಕವಾಸಲಾಕ್ಕೆ ನುಗ್ಗಿ ಅದನ್ನೂ ಒಡೆಯಿತು. ಲಕಡಿ ಪೂಲು ನೀರಿನಲ್ಲಿ ಮುಳುಗಿತು. ನಾರಾಯಣ ಪೇಠೆ, ಶನಿವಾರ ಪೇಠೆ, ಕಸಬಾ ಪೇಠೆಗಳ ನದಿಯ ಬದಿಯ ಮನೆಗಳು ಕೊಚ್ಚಿಹೋದವು. ಅಂಥ ನೀರಿಗೆ ಯಾವ ಗಂಟೂ ನಿಲ್ಲದು. ಕಟ್ಟುವುದನ್ನು ಕಲಿಯುವಾಗಲೇ ಬಿಟ್ಟು ಓಡಬೇಕಾದ ಗಳಿಗೆಯನ್ನೂ ಕಲಿಯಬೇಕು.

ಇದು ಹಳೆಯ ಕಥೆಯಾಯಿತು ಎನ್ನಬೇಡಿ. 2024ರ ಜುಲೈ 25ರಂದು ಸಿಂಹಗಡ ರಸ್ತೆಯ ಏಕತಾನಗರಿಯಲ್ಲಿ ಮನೆಗಳೊಳಗೆ ನೀರು ಹೊಕ್ಕು, ಜನರನ್ನು ದೋಣಿಗಳಲ್ಲಿ ಹೊರತರಬೇಕಾಯಿತು. ದೋಣಿಯೇ ಇಲ್ಲವೆಂದು ನಾವು ನಗುವ ಪುಣೆಯ ಬೀದಿಯಲ್ಲಿ! ಅದೇ ದಿನ ನಸುಕಿನಲ್ಲಿ ಡೆಕ್ಕನ್ನಿನ ನದಿಯ ದಂಡೆಯಲ್ಲಿ, ಏರುವ ನೀರಿನಿಂದ ತಮ್ಮ ತಿಂಡಿಯ ಗಾಡಿಯನ್ನು ಸರಿಸಲು ಹೋದ ಮೂವರು ವಿದ್ಯುತ್ ತಗುಲಿ ತೀರಿಕೊಂಡರು. ಅವರು ನಮ್ಮದೇ ಕಸುಬಿನವರು. ಒಂದು ಗಾಡಿ ಎಂದರೆ ಒಂದು ಮನೆಯ ಅನ್ನ ಎಂಬುದು ನಮಗೆ ಗೊತ್ತು. ಆದುದರಿಂದ ಅವರು ಏಕೆ ಹೋದರೆಂದು ನಾವು ಕೇಳುವುದಿಲ್ಲ. ಆದರೆ ನಿಮ್ಮನ್ನು ಬೇಡಿಕೊಳ್ಳುತ್ತೇವೆ: ನದಿಯ ಬದಿಯಲ್ಲಿ ಗಾಡಿ ಇಟ್ಟವರು, ಕೋಣೆ ಹಿಡಿದವರು ಮಳೆಗಾಲದಲ್ಲಿ ಅಣೆಕಟ್ಟಿನ ನೀರಿನ ಸುದ್ದಿಯ ಮೇಲೆ ಕಿವಿ ಇಟ್ಟಿರಿ. ಗಾಡಿಯನ್ನು ಹಿಂದಿನ ಸಂಜೆಯೇ ಮೇಲೆ ತನ್ನಿ, ನಾಲ್ಕು ಜನ ಕೈ ಹಾಕೋಣ. ರಾತ್ರಿ ನೀರು ಬಂದ ಮೇಲೆ, ತಂತಿ ತೋಯ್ದ ಮೇಲೆ, ಗಾಡಿ ಹೋದರೆ ಹೋಗಲಿ. ಹೊಸ ಗಾಡಿಗೆ ಸಂಘದಲ್ಲಿ ಚಂದಾ ಎತ್ತಬಹುದು.

ಖಡಕಿಯಲ್ಲಿ ಬಾಂಬೆ ಸ್ಯಾಪರ್ಸ್ ಪಡೆಯ ಕೇಂದ್ರವಿದೆ. ನದಿಗೆ ಸೇತುವೆ ಹಾಕುವುದೇ ಅವರ ಕೆಲಸಗಳಲ್ಲಿ ಒಂದು. ಅಂಥ ಸೈನಿಕರಿಗೂ ಗಂಟು ಕಟ್ಟುವುದು ಮೊದಮೊದಲ ಪಾಠವಾಗಿರುತ್ತದೆ. ನಮಗೂ ಒಂದು ಚಿಕ್ಕ ಏರ್ಪಾಡು ಬೇಕು. ನಮ್ಮ ಸೂಚನೆ ಇಷ್ಟೆ. ಸಂಘದ ಕೋಣೆಯ ಗೋಡೆಗೆ ಇಪ್ಪತ್ತು ಮಾರಿನ ಒಂದು ಒಳ್ಳೆಯ ಹಗ್ಗ, ಅದರ ತುದಿಗೆ ತೇಲುವ ಒಂದು ಡಬ್ಬಿ ಸದಾ ತೂಗಿರಲಿ. ವನಭೋಜನಕ್ಕೆ ಹೋಗುವಾಗ ಸಾರಿನ ಪಾತ್ರೆಯ ಜೊತೆಗೆ ಅದೂ ಟೆಂಪೋ ಹತ್ತಲಿ. ತಿಂಗಳಿಗೊಂದು ರವಿವಾರ ಗಿರಣಿಯ ಹಿರಿಯರು ಹುಡುಗರಿಗೆ ನೇಕಾರರ ಗಂಟು ಕಲಿಸಲಿ; ಕರಾವಳಿಯ ಹಿರಿಯರು ಕುಣಿಕೆ ಕಲಿಸಲಿ. ಹನ್ನೆರಡನೆಯ ಶತಮಾನದ ಶರಣರಲ್ಲಿ ಅಂಬಿಗರ ಚೌಡಯ್ಯನವರಂಥ ದೋಣಿಯವರೂ ಇದ್ದರು, ನೇಕಾರರೂ ಇದ್ದರು. ಕೈಯ ಕಸುಬನ್ನು ಕೀಳೆಂದು ತಿಳಿದ ಪರಂಪರೆ ನಮ್ಮದಲ್ಲ.

ಹೊಳೆ ದಾಟಿದ ಮೇಲೆ ಅಂಬಿಗ ಯಾಕೆ ಎಂಬ ಗಾದೆ ನಮ್ಮಲ್ಲಿದೆ. ಊರು ಬಿಟ್ಟು ಇಷ್ಟು ಹೊಳೆ ದಾಟಿ ಬಂದ ನಾವು ಹಾಗೆಯೇ ಅಂಬಿಗನ ಗಂಟನ್ನೂ ಮರೆತಿದ್ದೆವು. ಅಂದು ದೋಣಿಯಲ್ಲಿದ್ದ ಮಾಣಿ ಇಂದು ಈ ಸಭೆಯ ಹಿಂದಿನ ಸಾಲಿನಲ್ಲಿ ಕುಳಿತಿದ್ದಾನೆ. ಈಗ ಈಜು ಕಲಿತಿದ್ದಾನೆ. ಗುಳೇದಗುಡ್ಡದ ಕಾಕಾ ಈ ವರ್ಷ ನಮ್ಮ ನಡುವೆ ಇಲ್ಲ. ಅವರು ಹಾಕಿದ ಆ ಗಂಟನ್ನು ಅಂದು ನಾವು ಬಿಡಿಸಲಿಲ್ಲ. ಎರಡೂ ಹಗ್ಗಗಳನ್ನು ಒಂದೊಂದು ಮೊಳ ಬಿಟ್ಟು ಕತ್ತರಿಸಿ ಇಟ್ಟುಕೊಂಡೆವು. ಇಗೋ, ಇದೇ ಅದು. ಕೈಯಿಂದ ಕೈಗೆ ಹಾಯಿಸಿ, ಎಲ್ಲರೂ ನೋಡಿ. ನೋಡಿದ ಮೇಲೆ ನಿಮ್ಮ ಕೈಯಲ್ಲಿರುವ ಹಗ್ಗದಲ್ಲಿ ಅದನ್ನೇ ಒಮ್ಮೆ ಹಾಕಿ, ಪಕ್ಕದವರಿಗೆ ಕೊಟ್ಟು ಎಳೆಯಲು ಹೇಳಿ. ಜಾರಿದರೆ ನಾಚಿಕೆಯಿಲ್ಲ, ಇನ್ನೊಮ್ಮೆ ಹಾಕಿ. ಇಲ್ಲಿ ಜಾರಿದರೆ ಕುರ್ಚಿ ಮಾತ್ರ ಅಲುಗುತ್ತದೆ.